ಎಡಚಿ ಕಟ್ಟಿದ ಗಂಟುಗಳು

ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಬಾಗಿಲ ಚಿಲಕ ಹಾಕುವುದರಿಂದ ಹಿಡಿದು ಗಂಡನಿಗೆ ಬೆರಳು ತೋರಿಸಿ ಬೈಯುವವರೆಗೆ ಎಲ್ಲವೂ ಎಡಗೈಯಲ್ಲೇ.

ಆಳವಿಲ್ಲದ ಕಡಲಲ್ಲಿ ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು, ಅದಕ್ಕೆ ಕಡಲಪಾಚಿಯ ಚಿಗುರುಗಳನ್ನು ಪ್ಲಾಸ್ಟಿಕ್ ದಾರದಿಂದ ಕಟ್ಟಿ ಬೆಳೆಸುವುದು ಅವಳ ಕಸುಬು. ಹಗ್ಗದ ಇನ್ನೊಂದು ತುದಿಯಲ್ಲಿ ಹದಿನೆಂಟು ವರ್ಷ ನಿಂತವಳು ಅವಳ ಗೆಳತಿ. ಇಬ್ಬರಿಗೂ ಸೇರಿ ಒಂದೇ ಪರವಾನಗಿ. ಗಾಳಿಯಲ್ಲಿ ಮಾತು ಕೇಳಿಸದು; ತನ್ನ ಕಡೆ ಮುಗಿದರೆ ಎಡಚಿ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದಳು. ಗೆಳತಿ ತಿರುಗಿ ಎರಡು ಸಲ ಜಗ್ಗಿದರೆ ಮನೆಗೆ ಹೊರಡುವ ಹೊತ್ತು.

"ನಿನ್ನ ಗಂಟು ಬಿಚ್ಚೋಕೇ ಆಗಲ್ಲ ಕಣೇ, ಎಲ್ಲ ಉಲ್ಟಾ" ಎಂದು ಗೆಳತಿ ಬೈದರೆ, "ಅಲೆಗೂ ಆಗಬಾರದು ಅಂತಾನೇ ಹಾಗೆ ಕಟ್ಟೋದು" ಎನ್ನುತ್ತಿದ್ದಳು.

ಪಾಚಿ ಬೆಳೆಗೆ ಸರ್ಕಾರ ಹೊಸ ನೀತಿ ತರುತ್ತದೆಂದು ಮೀನುಗಾರಿಕೆ ಇಲಾಖೆಯ ಅಧಿಕಾರಿ ಶಾಲೆಯ ಕೋಣೆಯಲ್ಲಿ ಸಭೆ ಕರೆದರು. ಕರಡು ಓದುತ್ತ ಓದುತ್ತ ಅವರಿಗೇ ಆಕಳಿಕೆ ಬಂತು. ಹಿಂದಿನ ಬೆಂಚಿನಿಂದ ಎದ್ದುಬಂದ ಎಡಚಿ ಅವರ ಮೇಜಿನ ಮೇಲೆ ಒಂದು ಚೀಲ ಸುರಿದಳು. ಆ ಬೆಳಿಗ್ಗೆ ದಡದಲ್ಲಿ ಆಯ್ದ ದಾರದ ತುಂಡುಗಳು.

"ಇದೆಲ್ಲ ನಾವೇ ಕಡಲಿಗೆ ಹಾಕಿದ್ದು ಸಾರ್. ಮೀನಿನ ಹೊಟ್ಟೆ ಸೀಳಿದ್ರೂ ಇದೇ ಸಿಗುತ್ತೆ. ನಿಮ್ಮ ಕಾಗದದಲ್ಲಿ ಇದಕ್ಕೆ ಒಂದು ಸಾಲು ಜಾಗ ಇದೆಯಾ?"

"ಬೇರೆ ದಾರ ಎಲ್ಲಿದೆಯಮ್ಮ?"

"ಅದನ್ನ ನೀವು ಕೊಡಿ. ಹಳೇದನ್ನ ಒಂದೂ ಬಿಡದೆ ನಾವು ತಂದೊಪ್ಪಿಸ್ತೀವಿ. ಒಪ್ಪಿಸದವರಿಗೆ ಪರವಾನಗಿನೇ ಬೇಡ."

ಆಚೀಚೆ ಕೂತವರು ಹಲ್ಲು ಕಡಿದರು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವವಳು ಎಂದರು.

ನೀತಿ ಹೊರಬರಲು ಎರಡು ವರ್ಷ ಹಿಡಿಯಿತು. ಅವಳ ಮಾತು ಅದರಲ್ಲಿ ಹಾಗೇ ಇತ್ತು. ಆದರೆ ಅವಳೇ ಇರಲಿಲ್ಲ; ಜ್ವರವೆಂದು ಮಲಗಿದವಳು ಒಂಬತ್ತನೆಯ ದಿನ ಹೋಗಿಬಿಟ್ಟಿದ್ದಳು.

ಹಗ್ಗ ಜಗ್ಗುವುದು ಮಾತ್ರ ನಿಂತಿರಲಿಲ್ಲ. ಇಳಿತ ಮುಗಿದು ನೀರು ಏರತೊಡಗಿದಾಗ, ಎಡಚಿ ಕೊನೆಯದಾಗಿ ಕಟ್ಟಿದ ಹಗ್ಗ ಗೆಳತಿಯ ಅಂಗೈಯಲ್ಲಿ ಎರಡು ಸಲ ಮಿಡುಕುತ್ತಿತ್ತು. ಅಲೆಯ ಕೆಲಸವೆಂದು ಗೊತ್ತು. ಗೊತ್ತಿದ್ದೂ ತಿರುಗಿ ಜಗ್ಗುತ್ತಿದ್ದಳು. ಜಗ್ಗದೆ ಮನೆಗೆ ಹೊರಟ ದಿನ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದಳು.

ಹೊಸ ನಿಯಮದಂತೆ, ತಾನು ಕಟ್ಟಿದ ಮಿಕ್ಕ ಹಗ್ಗಗಳನ್ನೆಲ್ಲ ದಾರ ಬಿಚ್ಚಿ ಒಪ್ಪಿಸಿದಳು. ಅದೊಂದನ್ನು ನೀರಲ್ಲೇ ಬಿಟ್ಟಳು.

"ಒಂದು ಹಗ್ಗ ಬಾಕಿ ಇದೆಯಮ್ಮ," ಎಂದರು ಅಧಿಕಾರಿ. "ನಾಳೆ ತರದಿದ್ರೆ ಪರವಾನಗಿ ರದ್ದಾಗುತ್ತೆ."

"ಅದು ಅವಳದು ಸಾರ್."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಈ ನಿಯಮಾನೂ ಅವರದೇ ಅಲ್ವಾ?"

ದಾರ ಕತ್ತರಿಸುವಂತಿರಲಿಲ್ಲ, ತುಂಡಾದರೆ ಇಲಾಖೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೊಂದೇ ಗಂಟು ಬಿಚ್ಚಬೇಕು. ಮರುದಿನ ನಸುಕಿನಲ್ಲೇ ಗೆಳತಿ ಹಗ್ಗವನ್ನು ಕಡಲಿನಿಂದ ಹೊತ್ತು ತಂದು ತನ್ನ ಮನೆಯ ಹೊಸ್ತಿಲಲ್ಲಿ ಕೂತಳು. ಉಪ್ಪು ಕುಡಿದು ಕಲ್ಲಾದ ಗಂಟುಗಳು. ಬಲಗೈಯ ಎರಡು ಉಗುರು ಮುರಿದವು, ಒಂದೂ ಬಿಚ್ಚಲಿಲ್ಲ. ಸೋತು ಎಡಗೈ ಚಾಚಿದಳು. ಗಂಟು ಒಳಗಿನಿಂದ ಯಾರೋ ಬಿಟ್ಟುಕೊಟ್ಟ ಹಾಗೆ ಸಡಿಲಿತು. ಇನ್ನೊಂದು. ಮತ್ತೊಂದು. ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಕೈ ತಾನಾಗಿಯೇ ಓಡುತ್ತಿತ್ತು. ತನ್ನದೇ ಕೈಯನ್ನು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಪರವಾನಗಿ ಉಳಿಯಿತು. ಕಾಲಕ್ರಮೇಣ ಕೊಳೆತು ಕರಗುವ ನಾರಿನ ದಾರವೂ ಹೊಸ ಹಗ್ಗವೂ ಬಂದವು. ಹಗ್ಗ ಬಿಗಿದು, ಚಿಗುರು ಕಟ್ಟಿ ಮುಗಿಸಿ, ಗೂಟದ ಬಳಿ ತುದಿ ಹಿಡಿದು ಕಾದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಅಲೆಗಳು ಬಂದು ಹೋದವು. ಹಗ್ಗ ಎಲ್ಲ ಹಗ್ಗಗಳಂತೆ ಸುಮ್ಮನೆ ತೂಗಿತು. ತಾನೇ ಎರಡು ಸಲ ಜಗ್ಗಿದಳು. ಏನೂ ಇಲ್ಲ.

ನೀರು ಎದೆಗೇರಿದಾಗ ಮತ್ತೆ ಜಗ್ಗಿದಳು, ಈ ಸಲ ಎಡಚಿಯ ಹಾಗೆ ಎಡಗೈಯಿಂದ. ಆಮೇಲೆ ಬಲಗೈಯಿಂದ ತಿರುಗಿ ಎರಡು ಸಲ ಜಗ್ಗಿ ಮನೆಗೆ ಹೊರಟಳು.