ಹಾದಿ ತಪ್ಪಿದವರ ರಾಣಿ

ಪಟ್, ಪಟ್, ಪಟ್. ಕೇಶ್ವಾಪುರದ ಆ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಈ ಸಪ್ಪಳದಿಂದ. ತಗಡಿನ ಶೆಡ್ಡಿನೊಳಗೆ ಮೂವರು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹನ್ನೊಂದರೊಳಗೆ ಗೋಕುಲ ರಸ್ತೆಯ ಖಾನಾವಳಿಗಳಿಗೆ ರೊಟ್ಟಿ ಮುಟ್ಟಬೇಕು. ಕಣ್ಣು ಮುಚ್ಚಿ ಕೇಳಿದರೂ ಯಾರ ಕೈ ಯಾವುದೆಂದು ಓಣಿಯವರು ಹೇಳುತ್ತಿದ್ದರು. ಕಾಳವ್ವನದು ಭಾರದ ಕೈ. ರೆಹಮತ್‌ಬಿಯದು ಅವಸರದ್ದು. ಇನ್ನೊಂದು ಕೈ ನಡುವೆಯೇ ತಟ್ಟನೆ ನಿಂತು, ಒಂದು ಉಸಿರಿನಷ್ಟು ಸುಮ್ಮನಿದ್ದು, ಮತ್ತೆ ಶುರುವಾಗುತ್ತಿತ್ತು. ಅದು ಫಕೀರವ್ವನದು. ಅವಳ ಕೈ ನಿಂತಿತೆಂದರೆ ಕತೆಯಲ್ಲಿ ರಾಣಿ ಬಂದಳೆಂದು ಅರ್ಥ.

ಆ ಕತೆ ಶುರುವಾದದ್ದು ತೊಂಬತ್ಮೂರರ ಒಂದು ಮುಂಜಾನೆ. ಮಗಳು ಗೀತಾಂಜಲಿಗೆ ಆಗ ಐದು ವರ್ಷ. ಹಂಚಿನ ಮೇಲಿನ ರೊಟ್ಟಿ ಈಗಲೇ ಬೇಕೆಂದು ಹಟ ಹಿಡಿದಿತ್ತು ಕೂಸು. ಸಮಾಧಾನ ಮಾಡಲು ಫಕೀರವ್ವ, “ಒಂದೂರಾಗ ಒಬ್ಬಾಕಿ ಸಣ್ಣ ರಾಣಿ ಇದ್ಲಂತ,” ಎಂದು ಎತ್ತಿದಳು.

ಕಾಳವ್ವ ಹಿಟ್ಟಿನ ಕೈ ಅಡ್ಡ ಹಿಡಿದಳು. “ಏ, ಹಗಲಾಗ ಕತಿ ಹೇಳಬಾರದವ್ವಾ. ಹಾದ್ಯಾಗ ಇದ್ದವ್ರು ಹಾದಿ ತಪ್ಪತಾರ. ಹೊತ್ತು ಮುಳಗಲಿ.”

“ಹಾದ್ಯಾಗ ಇರಾಂವ ನನ್ನ ಗಂಡ ಒಬ್ಬಾಂವ. ಅಂವಗ ಕಣ್ಣು ಕಟ್ಟಿ ಬಿಟ್ರೂ ಧಾರವಾಡದ ಹಾದಿ ಸಿಗತೈತಿ, ತಗೀ,” ಎಂದು ನಕ್ಕಳು ಫಕೀರವ್ವ. ಕತೆ ಮುಂದುವರಿಸಿದಳು. ಹಾದಿ ತಪ್ಪಿದವರೆಲ್ಲ ಬಂದು ಸೇರುವ ಒಂದು ದೇಶ. ಅಪ್ಪ ಸತ್ತ ಮೇಲೆ ಹದಿನಾರರ ಹುಡುಗಿ ಅಲ್ಲಿ ಗಾದಿ ಏರಿದಳು. ಅಷ್ಟು ಹೇಳುವುದರೊಳಗೆ ರೊಟ್ಟಿ ಆರಿತು, ಕೂಸು ತಿಂದು ಎದ್ದು ಹೋಯಿತು.

ಅವಳ ಗಂಡ ಬೀರಲಿಂಗಪ್ಪ ಲಾರಿ ಡ್ರೈವರ್. ಆ ಮುಂಜಾನೆ ಹತ್ತಿ ಹೇರಿಕೊಂಡು ಧಾರವಾಡದ ಕಡೆ ಹೋಗಿದ್ದ. ಮಧ್ಯಾಹ್ನ ರಾಯಾಪುರದ ಬಳಿ ರಸ್ತೆಯ ಪಕ್ಕದಲ್ಲಿ ಲಾರಿ ಸಿಕ್ಕಿತು. ಕೀಲಿ ಇದ್ದಲ್ಲೇ ಇತ್ತು. ಒಂದು ಅಂಡಿಗೆ ಹತ್ತಿಯೂ ಕದಲಿರಲಿಲ್ಲ. ಸೀಟಿನ ಮೇಲೆ ಬುತ್ತಿಯ ಗಂಟು ಅವಳು ಕಟ್ಟಿಕೊಟ್ಟ ಹಾಗೆಯೇ ಇತ್ತು. ಅವನು ಮಾತ್ರ ಇರಲಿಲ್ಲ.

ಪೊಲೀಸರು ಹುಡುಕಿದರು. ಕೊಲ್ಲಾಪುರದಲ್ಲಿ ಇನ್ನೊಂದು ಸಂಸಾರ ಇತ್ತೆಂದು ಕೆಲವರು ಮಾತಾಡಿಕೊಂಡರು. ಫಕೀರವ್ವ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಅವನು ಹಾದಿ ತಪ್ಪಿದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಕಾಳವ್ವನಿಗೂ ಗೊತ್ತಿತ್ತು. ಆದರೆ ಕಾಳವ್ವ ಆ ಮಾತು ಮತ್ತೆಂದೂ ಬಾಯಿಗೆ ತರಲಿಲ್ಲ.

ಒಂದು ವರ್ಷ ಶೆಡ್ಡಿನಲ್ಲಿ ಕತೆ ಇರಲಿಲ್ಲ. ಒಂದು ದಿನ ಗೀತಾಂಜಲಿ, “ಅವ್ವಾ, ಆ ರಾಣಿ ಆಮ್ಯಾಲ ಏನ್ ಮಾಡಿದ್ಲು?” ಎಂದಳು. ಫಕೀರವ್ವನ ಕೈ ನಿಂತಿತು. ಆಮೇಲೆ ಹಾಡಹಗಲಲ್ಲಿ, ಬೇಕೆಂದೇ, ಬಿಟ್ಟಲ್ಲಿಂದ ಎತ್ತಿಕೊಂಡಳು. ಗಂಡನನ್ನು ಒಯ್ದ ಕತೆಯೇ ಅವನನ್ನು ತಂದು ಬಿಡಬೇಕು ಎಂಬುದು ಅವಳ ಲೆಕ್ಕ.

ಆ ದೇಶದಿಂದ ಹೊರಬೀಳುವ ಹಾದಿ ರಾಣಿ ಒಬ್ಬಳಿಗೇ ಗೊತ್ತು. ಅವಳು ಹೇಳಿಬಿಟ್ಟರೆ ಜನ ತಮ್ಮ ತಮ್ಮ ಮನೆಗೆ ಹೋಗುತ್ತಾರೆ, ಊರು ಬರಿದಾಗುತ್ತದೆ, ಕತ್ತಲ ಅರಮನೆಯಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ಹೇಳದಿದ್ದರೆ ಸಂತೆ ಕೂಡುತ್ತದೆ, ದೀಪ ಹತ್ತುತ್ತವೆ, ಮಾತಾಡಲು ಮಂದಿ ಇರುತ್ತಾರೆ. ದಿನಾ ಸಂಜೆ ರಾಣಿ ಊರಿನ ಅಗಸಿ ಬಾಗಿಲಿನ ತನಕ ಬರುತ್ತಾಳೆ. ಅಗಳಿಯ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಆ ದಿನದ ರೊಟ್ಟಿ ಮುಗಿದಿರುತ್ತಿತ್ತು.

“ತಗೀತಾಳ ನೋಡು. ಸಣ್ಣ ಹುಡುಗಿ, ಕರಳು ಐತಿ ಆಕಿಗೆ,” ಎನ್ನುತ್ತಿದ್ದಳು ರೆಹಮತ್‌ಬಿ. ಕತೆಗೆ ‘ಹೂಂ’ ಅನ್ನುವವಳು ಅವಳೇ.

“ಕರಳಂತ ಕರಳು! ಗಾದಿ ರುಚಿ ಹತ್ತಿದಾಕಿ ಯಾರನ್ನ ಬಿಡತಾಳ? ನಮ್ಮ ಅತ್ತಿನೂ ಹದಿನಾರಕ್ಕ ಮನಿ ಕೀಲಿ ಹಿಡದಾಕಿ. ಸಾಯೂತನಾ ಬಿಡಲಿಲ್ಲ,” ಎನ್ನುತ್ತಿದ್ದಳು ಕಾಳವ್ವ.

“ನಿನ್ನ ಅತ್ತಿ ಸುದ್ದಿ ಬಿಡ. ರಾಣಿಗೆ ಸಿಟ್ಟು ಬಂದೀತು,” ಎಂದು ರೆಹಮತ್‌ಬಿ ಛೇಡಿಸುತ್ತಿದ್ದಳು.

ನಕ್ಕು ಮತ್ತೆ ಬಡಿಯುತ್ತಿದ್ದರು. ವರ್ಷಗಳು ಕಳೆದವು. ಕಾಳವ್ವನ ಹಲ್ಲು ಬಿದ್ದವು, ರೆಹಮತ್‌ಬಿಗೆ ಮೊಮ್ಮಕ್ಕಳಾದವು, ರಾಣಿ ಮಾತ್ರ ಹದಿನಾರರಲ್ಲೇ ಅಗಳಿಯ ಮೇಲೆ ಕೈ ಇಟ್ಟು ನಿಂತಿದ್ದಳು.

ಪ್ರತಿ ದಿನ ಮೊದಲ ರೊಟ್ಟಿಯನ್ನು ಫಕೀರವ್ವ ರಸ್ತೆಯ ಕಡೆಯ ಕಿಟಕಿಯಲ್ಲಿ ಬಟ್ಟೆಯಡಿ ಇಡುತ್ತಿದ್ದಳು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಸಂಜೆ ಆಕಳಿಗೆ ಹಾಕುತ್ತಿದ್ದಳು. ಧಾರವಾಡದ ಬಸ್ಸು ಹತ್ತಿದರೆ, ರಾಯಾಪುರ ಬರುವಾಗ ಪಕ್ಕದ ಸೀಟಿನ ಮೇಲೆ ಸೆರಗು ಹಾಸುತ್ತಿದ್ದಳು. ಅಲ್ಲಿ ಯಾರೂ ಹತ್ತುತ್ತಿರಲಿಲ್ಲ. ಬಸ್ಸು ಬಿಟ್ಟ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಅದಕ್ಕೆ ಹತ್ತಿಯ ಎಳೆ ಅಂಟಿರುತ್ತಿತ್ತು. ಅದನ್ನು ಬಿಡಿಸಿ ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಿದ್ದಳು, ಯಾರಿಗೂ ತೋರಿಸುತ್ತಿರಲಿಲ್ಲ.

ಗೀತಾಂಜಲಿ ಹತ್ತನೆಯ ವರ್ಷದಲ್ಲಿ ಒಂದು ದಿನ ಸಾಲಿ ಚೀಲ ಇಳಿಸುತ್ತ, “ರಾಣಿ ಕೆಟ್ಟಾಕಿ,” ಎಂದಳು.

“ಯಾಕ?”

“ಛಲೋಕಿ ಇದ್ದಿದ್ರ ಅಪ್ಪ ಇಷ್ಟೊತ್ತಿಗೆ ಬರತಿದ್ದ.”

ಅಂದಿನಿಂದ ಹುಡುಗಿ ಕತೆ ಕೇಳಲು ಕೂಡಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಗೀತಾಂಜಲಿಗೆ ವರ ಗೊತ್ತಾಯಿತು. ಹುಡುಗ ದುರ್ಗೇಶ, ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಮಾತು ನಿಂತದ್ದು ಒಂದೇ ಕಡೆ. ಸುರಗಿಯ ದಿನ ಮದುವಣಗಿತ್ತಿಗೆ ನೀರು ಹಾಕುವುದು ಐದು ಮಂದಿ ಮುತ್ತೈದೆಯರು. ಹೆತ್ತವ್ವ ಅವರೊಳಗೆ ನಿಲ್ಲಬೇಕೋ, ದೂರ ಕೂಡಬೇಕೋ? ಮೂರು ಸಲ ಹೇಳಿ ಕಳಿಸಿದರೂ ಗಟ್ಟಿ ಮಾತು ಸಿಗದೆ, ಅದನ್ನು ಕೇಳಲು ದುರ್ಗೇಶನ ದೊಡ್ಡಪ್ಪ ಹೊಳೆಯಪ್ಪ ಒಂದು ಮುಂಜಾನೆ ಶೆಡ್ಡಿಗೇ ಬಂದ. ಗೀತಾಂಜಲಿ ಹಾಸಿದ ಚಾಪೆಯ ಮೇಲೆ ಕೂತು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡ.

“ತಂಗೀ, ನಿನ್ನ ನೋಯಿಸಾಕ ಬಂದಿಲ್ಲ. ಬೀರಲಿಂಗಪ್ಪ ಇದ್ದಾನ ಅಂದ್ರ ಎಲ್ಲಿ ಅದಾನ ಹೇಳು, ನಾನ ಹೋಗಿ ಕರಕೊಂಡು ಬರತೇನಿ. ಇಲ್ಲ ಅಂದ್ರ ಇಲ್ಲ ಅನ್ನು, ತಾಳಿ ತಗದಿಡು. ಮನಿ ಹಿರೇಮನಿಷ್ಯಾಳಂಗ ನಿನ್ನ ನಡಸ್ಕೋತೇವಿ. ಇದ್ದೂ ಇಲ್ಲ, ಇಲ್ದೂ ಇಲ್ಲ ಅಂದ್ರ ನಾ ಮಂದಿಗೆ ಏನ್ ಹೇಳ್ಲಿ? ಹದಿನೈದು ವರ್ಷ ಆತು.”

“ವಿಚಾರ ಮಾಡತೇನ್ರಿ ಅಣ್ಣಾರ.”

“ಮೂರು ಸಲ ವಿಚಾರ ಮಾಡಿದಿ. ಈ ಸಲ ಲಗ್ನ ನಿಂತರ ನಮ್ಮವರು ಬ್ಯಾರೆ ಕಡೆ ನೋಡತಾರ. ನನ್ನ ಮಾತು ನಡಿಯೂದಿಲ್ಲ.”

ಮೂವರ ಕೈಗಳೂ ನಿಂತಿದ್ದವು. ಗೀತಾಂಜಲಿ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಹತ್ತು ವರ್ಷ ಕತೆಯ ಸುದ್ದಿ ಎತ್ತದವಳು ಮೆಲ್ಲಗೆ ಕೇಳಿದಳು:

“ಅವ್ವಾ, ಆ ರಾಣಿ ಇನ್ನೂ ಬಾಗಲದಾಗ ನಿಂತಾಳೇನು?”

“ಹೂಂ.”

“ಒಳಗಿದ್ದವರ ಹೆಸರಿನ್ಯಾಗ, ಹೊರಗಿದ್ದವರನ್ನೂ ನಿಂದ್ರಿಸ್ಯಾಳಲ್ಲ ಆಕಿ.”

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಯಾರೂ ತೆಗೆಯಲಿಲ್ಲ. ಫಕೀರವ್ವ ಮಗಳ ಮುಖ ನೋಡಿದಳು. ಆಮೇಲೆ ಎದುರಿನ ಹಿಟ್ಟಿನ ಮುದ್ದೆಗೆ ಹೇಳುವವಳಂತೆ ಶುರು ಮಾಡಿದಳು.

“ರಾಣಿ ಅಗಳಿ ತಗದ್ಲು.”

“ಹೂಂ,” ಎಂದಳು ರೆಹಮತ್‌ಬಿ, ಅಭ್ಯಾಸಬಲದಿಂದ.

“ಮಂದಿ ಹಾದಿ ಯಾವ್ದು ಅಂತ ಕೇಳಿದ್ರು. ರಾಣಿ ಅಂದ್ಲು, ನನಗೂ ಗೊತ್ತಿಲ್ಲ. ಮೊದಲಿಂದ್ಲೂ ಗೊತ್ತಿರಲಿಲ್ಲ. ಒಬ್ಬಾಕಿನ ಉಳಿದೇನು ಅಂತ ಅಂಜಿ, ಗೊತ್ತೈತಿ ಅಂತ ಹೇಳಿದ್ದೆ.”

ರೆಹಮತ್‌ಬಿಯ ಹೂಂ ಬರಲಿಲ್ಲ. ಕಾಳವ್ವ ಬೊಚ್ಚು ಬಾಯಿ ಒರೆಸಿಕೊಂಡು ಕೇಳಿದಳು: “ಹೋಗುವಾಗ ಮಂದಿ ಆಕಿನ್ನ ಹರಸಿದ್ರೋ, ಬೈದ್ರೋ?”

“ಯಾರೂ ಹೊಳ್ಳಿ ನೋಡಲಿಲ್ಲ, ಕಾಳವ್ವಾ.”

ಫಕೀರವ್ವ ಎದ್ದಳು. ಸೀರೆಯ ಮೇಲಿನ ಹಿಟ್ಟು ಕೊಡವಿದಳು. ಕಿಟಕಿಗೆ ಹೋಗಿ ಬಟ್ಟೆ ಸರಿಸಿ, ಆ ದಿನದ ಮೊದಲ ರೊಟ್ಟಿ ತಂದು ಹೊಳೆಯಪ್ಪನ ಮುಂದೆ ತಾಟಿನಲ್ಲಿ ಇಟ್ಟಳು. ಬದಿಗೆ ಶೇಂಗಾ ಚಟ್ನಿ ಹಾಕಿದಳು. ಗೀತಾಂಜಲಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಉಣ್ರಿ ಅಣ್ಣಾರ. ಆರೇತಿ.”

ಹೊಳೆಯಪ್ಪನಿಗೆ ಆ ರೊಟ್ಟಿಯ ಸುದ್ದಿ ಗೊತ್ತಿರಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ. ಆ ಮುರಿದ ಸಪ್ಪಳ ಶೆಡ್ಡಿನಲ್ಲಿ ದೊಡ್ಡದಾಗಿ ಕೇಳಿಸಿತು.

“ಕತಿ ಛಲೋ ಐತಿ, ತಂಗಿ. ಆದ್ರ ನಾ ಕೇಳಿದ್ದಕ್ಕ...”

ಫಕೀರವ್ವ ಕುಪ್ಪಸದೊಳಗೆ ಕೈ ಹಾಕಿ ಏನನ್ನೋ ಹಿಡಿಯಷ್ಟು ತೆಗೆದುಕೊಂಡಳು. ಮುಚ್ಚಿದ ಬೆರಳುಗಳ ಸಂದಿಯಿಂದ ಹತ್ತಿಯ ಬಿಳಿ ಎಳೆಯೊಂದು ಹೊರಗೆ ಇಣುಕಿತು. ಹೊಸ್ತಿಲು ದಾಟಿದಳು.

“ತಂಗೀ, ಸುರಗಿಗೆ ಎಲ್ಲಿ ಕೂಡತಿ, ಅದನ್ನರ ಹೇಳಿ ಹೋಗು,” ಎಂದು ಹೊಳೆಯಪ್ಪ ಇನ್ನೂ ಕೇಳುತ್ತಲೇ ಇದ್ದ. ಅವಳು ಓಣಿಯ ಬಿಸಿಲಿನಲ್ಲಿ ನಡೆದು ಹೋಗುತ್ತಿದ್ದಳು, ಮುಚ್ಚಿದ ಕೈಯನ್ನು ಒಂದೊಂದೇ ಬೆರಳು ಬಿಡಿಸುತ್ತ.