ಕೆರೆ ದಂಡೆಯ ಮನೆ ನೋಡಲು ಹೋದದ್ದು

ಹುಮನಾಬಾದಿನಲ್ಲಿ ನಾವಿರುವ ಬಾಡಿಗೆ ಮನೆಗೆ ಮೂರು ಕಿಟಕಿ. ಎರಡು ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುತ್ತವೆ, ಮೂರನೆಯದು ಒಂದು ಗ್ಯಾರೇಜಿನ ಹಿತ್ತಲಿಗೆ. ಹೆದ್ದಾರಿ ಹತ್ತಿರ ಇರುವುದರಿಂದ ದೊಡ್ಡ ಲಾರಿ ಹೋದಾಗ ಅಡುಗೆಮನೆಯ ತಟ್ಟೆಗಳು ಸಣ್ಣಗೆ ಅದುರುತ್ತವೆ. ಊರಿನ ಸರಕಾರಿ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಯಜಮಾನರ ಕಚೇರಿ ಇರುವುದು ಬಸವಕಲ್ಯಾಣದಲ್ಲಿ. ಮದುವೆಯಾದಾಗಿನಿಂದ ಅವರು ದಿನವೂ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದಾರೆ. ಮೊದಮೊದಲು ಬಂದ ಕೂಡಲೇ ಮಗಳನ್ನು ಎತ್ತಿಕೊಂಡು ಓಣಿ ಸುತ್ತುತ್ತಿದ್ದರು. ಈಚೆಗೆ ಬಂದವರೇ ಕುರ್ಚಿಯ ಮೇಲೆ ಕೂತು, ಕಾಲು ನೋಯುತ್ತಿದ್ದುದರಿಂದ ಬೂಟು ಬಿಚ್ಚುವುದಕ್ಕೂ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದರು.

ಬಸವಕಲ್ಯಾಣದ ಅಂಚಿನ ಒಂದು ಕೆರೆಯ ದಂಡೆಯ ಮೇಲೆ ಹೊಸ ಬಡಾವಣೆ ಏಳುತ್ತಿದೆ ಎಂಬ ಸುದ್ದಿ ತಂದವರು ಅವರೇ. ಸಾಲಾಗಿ ಒಂದೇ ನಮೂನೆಯ ಮಹಡಿ ಮನೆಗಳು, ಮುಂದೆ ಅಡ್ಡಾಡಲು ಕಲ್ಲು ಹಾಸಿದ ದಾರಿ, ದೀಪದ ಕಂಬ, ಕೂರಲು ಬೆಂಚು. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಚಿತ್ರದ ಕೆರೆ ಸಮುದ್ರದಷ್ಟು ನೀಲಿಯಾಗಿತ್ತು.

"ಈ ಕೆರಿ ನಂಗ ಗೊತ್ತದರಿ," ಎಂದೆ.

"ಗೊತ್ತಿದ್ರ ಛಲೋನೇ ಆತಲ್ಲ. ಐತವಾರ ಹೋಗಿ ನೋಡಿ ಬರೂಣು."

ಗೊತ್ತು ಎಂದರೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸದಾಗಿ ಹೇಳುವಂಥದ್ದೇನೂ ಇರಲಿಲ್ಲ. ನಾನು ಬೇಮಳಖೇಡದ ಕುರಿ ಕಾಯುವ ಮನೆಯವಳು ಎಂಬುದು ಅವರಿಗೆ ಗೊತ್ತಿದ್ದದ್ದೇ. ಬ್ಯಾಸಿಗೆ ಬಂತೆಂದರೆ ಅಪ್ಪ ಕುರಿ ಹೊಡೆದುಕೊಂಡು ಊರು ಬಿಡುತ್ತಿದ್ದ. ಬೆಳೆ ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸುತ್ತ, ಒಂದೊಂದು ಊರಿನಲ್ಲಿ ನಾಲ್ಕಾರು ದಿನ ಇದ್ದು, ಬಸವಕಲ್ಯಾಣ ದಾಟಿ ಕೊಹಿನೂರದ ತನಕ ಹೋಗುತ್ತಿದ್ದ. ಶಾಲೆಗೆ ರಜೆ ಬಿಟ್ಟ ಮೇಲೆ ಅವ್ವ ನನ್ನನ್ನೂ ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದಳು. ಮಧ್ಯಾಹ್ನ ಹಿಂಡನ್ನು ಈ ಕೆರೆಗೇ ಇಳಿಸುತ್ತಿದ್ದೆವು. ಕುರಿಗಳು ದಂಡೆಯುದ್ದಕ್ಕೂ ಸಾಲು ಹಿಡಿದು ಬಾಯಿ ಹಚ್ಚಿದರೆ ಒಂದು ಸಪ್ಪಳ ಬರುತ್ತದೆ. ಅದನ್ನು ಕೇಳಿದವರಿಗಷ್ಟೇ ಗೊತ್ತು. ಅಣ್ಣ ಮೊಣಕಾಲ ತನಕ ನೀರಿಗಿಳಿದು ಕುಂಟುವ ಮರಿಗಳನ್ನು ಎತ್ತಿ ಹಿಡಿದು ಕುಡಿಸುತ್ತಿದ್ದ. ಅಪ್ಪ ತೀರಿಹೋದ ಮೇಲೂ ಅಣ್ಣ ಅದೇ ದಾರಿಯಲ್ಲಿ ಹೋಗುತ್ತಿದ್ದ, ವರ್ಷ ತಪ್ಪದೆ.

ಮಾಘ ಮುಗಿದು ಬಿಸಿಲು ಏರುತ್ತಿದ್ದ ಒಂದು ಐತವಾರ ಹೋದೆವು. ಮಗಳಿಗೆ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಇತ್ತು, ಅವಳು ಬರಲಿಲ್ಲ. ಮನೆ ಮಾರುವ ಕಂಪನಿಯ ತರುಣ ಗೇಟಿನಲ್ಲೇ ಕಾದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನಕ್ಷೆಯ ಸುರುಳಿ. ಮಾತು ಮರ್ಯಾದೆಯದು. ಕೆಲವು ಮನೆಗಳು ಮುಗಿದಿದ್ದವು, ಕೆಲವಕ್ಕೆ ಗಿಲಾವು ನಡೆದಿತ್ತು. ಮನೆಗಳನ್ನೂ ಕೆರೆಯ ದಂಡೆಯನ್ನೂ ಒಳಗೆ ಮಾಡಿ ಸುತ್ತ ಕಂಬ ನೆಟ್ಟು ತಂತಿ ಎಳೆದಿದ್ದರು.

ಮುಗಿದ ಮನೆಯೊಂದರ ಮಹಡಿಗೆ ನಮ್ಮನ್ನು ಕರೆದುಕೊಂಡು ಹೋದ. ಬಾಲ್ಕನಿಯ ಬಾಗಿಲು ತೆರೆದ ಕೂಡಲೇ ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು. ಎದುರಿಗೆ ಪೂರ್ತಿ ನೀರು. ನಡುವೆ ನೀರುಕೋಳಿಗಳು ತೇಲುತ್ತಿದ್ದವು. ನಾನು ಸುಳ್ಳು ಹೇಳಲಾರೆ, ನನಗೆ ಆ ಮನೆ ಬೇಕೆನಿಸಿತು. ಬಹಳ ಬೇಕೆನಿಸಿತು. ಇಲ್ಲಿ ಕುರ್ಚಿ ಹಾಕಿಕೊಂಡು ಮಕ್ಕಳ ಪೇಪರು ತಿದ್ದಬಹುದು, ಮಹಡಿಯ ಮೇಲೆ ಹಪ್ಪಳ ಒಣಗಿಸಬಹುದು, ನಾನು ಇತ್ತಲಿನ ಶಾಲೆಗೆ ವರ್ಗ ಮಾಡಿಸಿಕೊಳ್ಳಬಹುದು ಎಂದೆಲ್ಲ ಒಂದೇ ಗಳಿಗೆಯಲ್ಲಿ ಎಣಿಸಿದೆ. ಯಜಮಾನರ ಮುಖ ನೋಡಿದೆ. ಅವರು ಬಾಲ್ಕನಿಯ ಕಂಬಿಗೆ ಎರಡೂ ಕೈ ಊರಿ ನಿಂತಿದ್ದರು. ಇಷ್ಟು ನಿರಾಳವಾಗಿ ಅವರು ನಿಂತದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಆಗ ಕೆಳಗಿನಿಂದ ಸೀಟಿ ಕೇಳಿಸಿತು. ತಂತಿಯ ಆಚೆ, ಬಲಗಡೆಯ ಇಳಿಜಾರಿನಿಂದ ಕುರಿಗಳು ಬರುತ್ತಿದ್ದವು. ಕಾವಲಿನವನು ಸೀಟಿ ಊದುತ್ತ, ಬಡಿಗೆ ಎತ್ತಿಕೊಂಡು ಆ ಕಡೆ ಓಡಿದ. ಮುಂದಿನ ಕುರಿಗಳು ತಂತಿಗೆ ಬಂದು ತಡೆದು ನಿಂತವು, ಹಿಂದಿನವು ಬಂದು ಅವನ್ನು ಒತ್ತಿದವು. ಬೆನ್ನ ಮೇಲೆ ಹಸಿರು ಬಣ್ಣದ ಗುರುತು ಕಂಡಿತು. ಅದು ನಮ್ಮ ಮನೆಯ ಗುರುತು. ಹಿಂಡಿನ ಹಿಂದೆ, ಮಡಚಿದ ಕಂಬಳಿ ಹೆಗಲಿಗೆ ಹಾಕಿಕೊಂಡು, ಒಂದು ಭುಜ ಸ್ವಲ್ಪ ಇಳಿಸಿ ನಡೆದು ಬರುತ್ತಿದ್ದವನು ಅಣ್ಣ.

"ಇದೊಂದು ತಕರಾರ ಅದ ನೋಡ್ರಿ ಮೇಡಂ," ಎಂದ ಬಿಳಿ ಅಂಗಿಯವನು. "ಮುಂದಿನ ತಿಂಗಳ ಗೋಡಿ ಎಬ್ಬಸ್ತೇವಿ. ಆಮ್ಯಾಲ ಈ ಮಂದಿ ಕಾಟ ಬಿಲ್ಕುಲ್ ಇರಲ್ಲ. ವಾಸನಿ ಸುದ್ದಾ ಬರಲ್ಲ."

ವಾಸನೆ ಎಂಬ ಮಾತು ನನ್ನೊಳಗೆ ಎಲ್ಲಿಗೋ ಹೋಗಿ ತಾಕಿತು. ಐದನೆಯ ತರಗತಿಯಲ್ಲಿ ನನ್ನ ಪಕ್ಕ ಕೂಡಿಸಿದ ಹುಡುಗಿ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಎದ್ದು ಹೋಗಿದ್ದಳು. ಅವತ್ತಿನಿಂದ ನಾನು ಲಂಗ ಎರಡೆರಡು ಸಲ ಒಗೆದು ಹಾಕಿಕೊಳ್ಳುತ್ತಿದ್ದೆ. ಈಗ ನಾನು ಮೇಡಂ ಆಗಿದ್ದೆ, ಮಹಡಿಯ ಮೇಲೆ ನಿಂತಿದ್ದೆ. ಯಜಮಾನರು ನನ್ನತ್ತ ತಿರುಗಿದರು. ಅವರಿಗೂ ಗುರುತು ಸಿಕ್ಕಿತ್ತು. ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ನೀರುಕೋಳಿಗಳನ್ನು ನೋಡುತ್ತ ನಿಂತೆ.

ಕೆಳಗೆ ಮಾತು ಏರಿತ್ತು. "ಅಪ್ಪನ ಕಾಲದಿಂದ ಇಲ್ಲೇ ನೀರ ಕುಡಸ್ತೇವ್ರಿ," ಎನ್ನುತ್ತಿದ್ದ ಅಣ್ಣ. "ಹತ್ತ ಮಿಂಟ ಬಿಡ್ರಿ. ಕುಡದ ಕೂಡ್ಲೇ ಹೊಡಕೊಂಡ ಹೋಗ್ತೀನಿ."

ಕಾವಲಿನವನು ಏನೋ ಅಂದು ನಮ್ಮ ಕಡೆ ಕೈ ಮಾಡಿ ತೋರಿಸಿದ. ಮನೆ ನೋಡಲು ಮಂದಿ ಬಂದಿದ್ದಾರೆ ಎಂದಿರಬೇಕು. ಅಣ್ಣ ತಲೆ ಎತ್ತಿ ನೋಡಿದ. ನನ್ನನ್ನು ನೋಡಿದ. ಒಂದು ಕ್ಷಣವಷ್ಟೇ. ಆಮೇಲೆ ಮುಖ ಇಳಿಸಿ, "ಆತ್ರಿ, ಆತು," ಎಂದ. ಮತ್ತೆ ವಾದಿಸಲಿಲ್ಲ. ನಾಲಿಗೆಯಿಂದ ಟರ್ರ್ ಎಂದು ಸದ್ದು ಮಾಡಿ ಹಿಂಡನ್ನು ತಿರುಗಿಸಿದ. ನೀರು ಕಣ್ಣೆದುರೇ ಇದ್ದುದರಿಂದ ಕುರಿಗಳು ತಿರುಗಲು ಒಲ್ಲೆ ಎನ್ನುತ್ತಿದ್ದವು. ಅವನು ಬಡಿಗೆಯಿಂದ ಒಂದೊಂದನ್ನೇ ತಳ್ಳಿ ತಳ್ಳಿ ಹೊರಡಿಸಿದ.

ಮನೆಗೆ ಬಂದು ನೀರು ಕುಡಿದ ಮೇಲೆ ಅವರು, "ನಿಮ್ಮಣ್ಣ ಇದ್ದ," ಎಂದರು.

"ನೋಡೀನ್ರಿ."

"ಒಂದ ಮಾತ ಹೇಳಬೇಕಾಗಿತ್ತು ನೀ."

"ನೀವು ಹೇಳಬಹುದಿತ್ತಲ್ರಿ. ನಿಮಗೇನ್ ಅವ ಯಾರೂ ಅಲ್ಲೇನು?"

ತಪ್ಪನ್ನು ಅವರ ಹೆಗಲಿಗೆ ದಾಟಿಸಿದೆನೆಂದು ನನಗೆ ಆಗಲೇ ತಿಳಿದಿತ್ತು.

ಆ ವಾರ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಮುಂದಿನ ಐತವಾರ ಒಬ್ಬಳೇ ಕೊಹಿನೂರ ಕಡೆಯ ಬಸ್ಸು ಹತ್ತಿದೆ. ಅಣ್ಣನ ಹೆಂಡತಿ ವೈನಿಗೆ ಫೋನು ಮಾಡಿ ಜಾಗ ತಿಳಿದುಕೊಂಡಿದ್ದೆ. ರಸ್ತೆಯಿಂದ ಸ್ವಲ್ಪ ಒಳಗೆ, ತೊಗರಿ ಕೊಯ್ದ ಹೊಲದಲ್ಲಿ ಅವರ ಬಿಡಾರ. ವೈನಿ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಮಾಡುತ್ತಿದ್ದಳು. ಅಣ್ಣ ಕುರಿ ಕೂಡಿಹಾಕುವ ಬಲೆಯೊಳಗೆ ಕೂತು, ಹಾಲು ಬಿಡದ ಕುರಿಯೊಂದನ್ನು ಕಾಲಲ್ಲಿ ಒತ್ತಿ ಹಿಡಿದು ಅದರ ಮರಿಗೆ ಕುಡಿಸುತ್ತಿದ್ದ.

"ಬಾ ತಂಗಿ," ಎಂದ. "ಮನಿ ಹ್ಯಾಂಗ ಅದ? ಒಳಗ ಖೋಲಿ ಎಷ್ಟ ಅವ?"

"ಮೂರ ಅವ."

"ದೇವರ ಖೋಲಿ ಬ್ಯಾರೆ ಅದನ?"

"ಅದ." ಬಲೆಯ ಹತ್ತಿರ ಹೋಗಿ ನಿಂತೆ. "ಅಣ್ಣಾ, ಅವತ್ತ ನಾ ಮ್ಯಾಲ..."

"ಬಿಸಲ ಕಣ್ಣಿಗಿ ಹೊಡಿಯಾಕತ್ತಿತ್ತು," ಎಂದ ಅವನು ತಲೆ ಎತ್ತದೆ. "ಮ್ಯಾಲ ಯಾರದಾರ ಅಂತ ನಂಗ ಕಾಣಲೇ ಇಲ್ಲ."

ವೈನಿ ರೊಟ್ಟಿ ತಿರುವಿ ಹಾಕಿ, "ಕಾಣಲಿಲ್ಲಂತ," ಎಂದಳು. "ಸಂಜಿಗಿ ಬಂದು ನನ್ನ ಮುಂದ, ಹಸರ ಸೀರಿ ಉಟ್ಟಿದ್ಳು, ಜರಾ ಸೊರಗ್ಯಾಳ ಅಂತ ಹೇಳಿದ್ರಲ್ಲ."

ಅಣ್ಣ ಮರಿಯ ಬಾಯಿ ಒರೆಸಿ ಕೆಳಗೆ ಬಿಟ್ಟ. ನಾನು ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತೆ. ಅವನು ಎದ್ದು ಹೋಗಿ ಬಲೆಯ ಗೂಟ ಬಡಿಯತೊಡಗಿದ. ವೈನಿ ರೊಟ್ಟಿ, ಹಿಂಡಿ ಪಲ್ಯ ಮುಂದಿಟ್ಟು, "ಉಣ್ಣವ್ವ, ಬಸ್ ಹೋಗ್ತದ," ಎಂದಳು. ಕುರಿಗೆ ನೀರು ಎಲ್ಲಿ ಎಂದು ಕೇಳಿದೆ. ದೂರದ ಹೊಲದವರೊಬ್ಬರ ಬಾವಿಗೆ ಹೊಡೆದುಕೊಂಡು ಹೋಗುತ್ತಾರಂತೆ. ಅವರು ಮೋಟಾರು ಹಾಕಿದ ಹೊತ್ತಿಗೆ ಇವರು ಅಲ್ಲಿರಬೇಕು. ನಡೆಯಲಾರದ ಎಳೆ ಮರಿಗಳಿಗೆ ವೈನಿಯೇ ಕೊಡ ಹೊತ್ತು ತರುತ್ತಾಳೆ.

ಮರುದಿನ ಶಾಲೆಯ ಬಿಡುವಿನಲ್ಲಿ ಬಿಳಿ ಅಂಗಿಯವನಿಗೆ ಫೋನು ಮಾಡಿದೆ. ಗೋಡೆ ಕಟ್ಟುವಾಗ ಕೆರೆಗಿಳಿಯುವ ಹಳೆಯ ದಾರಿ ಬಿಡುತ್ತೀರೇನು ಎಂದು ಕೇಳಿದೆ.

"ಲೇಕ್ ವ್ಯೂ ಮನಿ ತೊಗೊಳ್ಳೋರು ಕುರಿ ಬೇಕಂತಾರೇನ್ರಿ ಮೇಡಂ?" ಎಂದು ನಕ್ಕ.

"ಅವತ್ತ ಬಂದಿದ್ನಲ್ರಿ, ಅವ ನಮ್ಮಣ್ಣ."

ಫೋನಿನಲ್ಲಿ ಹೇಳುವುದು ಎಷ್ಟು ಸುಲಭವಿತ್ತು. ಆ ಕಡೆ ಅವನ ದನಿ ಬದಲಾಯಿತು. "ಮೊದಲೇ ಹೇಳಬಾರದೇನ್ರಿ. ನಿಮ್ಮವ್ರಿಗಿ ನಾವು ಬ್ಯಾಡ ಅಂತೇವೇನು? ನಿಮ್ಮ ಹೆಸರಲೆ ಮನಿ ಆಗ್ಲಿ, ವಾಚ್‌ಮನ್‌ಗ ಹೇಳಿ ಇಡ್ತೀನಿ. ನಿಮ್ಮಣ್ಣಗಷ್ಟ ಗೇಟ್ ತಗೀತಾನ."

"ಉಳದವ್ರಿಗಿ?"

"ಎಲ್ಲಾರಿಗಿ ಹ್ಯಾಂಗ ಆಗ್ತದರಿ?"

ಅವನು ಕೆಟ್ಟವನಾಗಿರಲಿಲ್ಲ. ತನ್ನ ಕೈಲಾದದ್ದನ್ನು ಹೇಳಿದ್ದ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಅಣ್ಣ ದಿನವೂ ಗೇಟಿನಲ್ಲಿ ನಿಂತು ತಂಗಿಯ ಹೆಸರು ಹೇಳುವುದು, ಅವನ ಹಿಂದೆ ಬಂದ ಇನ್ನೊಬ್ಬರ ಹಿಂಡು ಹೊರಗೇ ನಿಲ್ಲುವುದು, ಪಕ್ಕದ ಮನೆಯವರು ಬಾಲ್ಕನಿಯಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡುವುದು. ಇದರಲ್ಲಿ ಯಾವುದಕ್ಕೆ ನಾನು ಹೆಚ್ಚು ಹೆದರಿದೆ ಎಂದು ಇವತ್ತಿಗೂ ಖಾತ್ರಿಯಿಲ್ಲ. ಆ ಸಂಜೆ ಯಜಮಾನರಿಗೆ, ಮನೆ ಬೇಡ ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನಾವು ಬಿಟ್ರ ಗೋಡಿ ಕಟ್ಟೋದು ನಿಂದರ್ತದೇನು?" ಎಂದು ಕೇಳಿದರು. ನಿಲ್ಲುವುದಿಲ್ಲ ಎಂದೆ. "ಮತ್ತ ಯಾರಿಗಿ ಉಪಯೋಗ?" ಎಂದರು. ಮರುದಿನ ಬೆಳಿಗ್ಗೆ ಎಂದಿನಂತೆ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದರು. ಕೆಲವು ವಾರ ನಮ್ಮ ನಡುವೆ ಮಗಳ ಪರೀಕ್ಷೆಯ ಮಾತಷ್ಟೇ ಇತ್ತು.

ಗೋಡೆ ಎದ್ದಿತು. ನಾವು ನೋಡಿದ ಮನೆಯನ್ನು ಬೇರೆ ಯಾರೋ ಕೊಂಡರು. ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಬರುವಾಗ ಯಜಮಾನರು ಒಮ್ಮೊಮ್ಮೆ ಆ ಕಡೆ ಹೋಗಿ ನೋಡಿ ಬರುತ್ತಾರೆಂದು ಅವರ ಜೊತೆ ಕೆಲಸ ಮಾಡುವವರೊಬ್ಬರು ನನಗೆ ಹೇಳಿದರು.

ಮಳೆಗಾಲದಲ್ಲಿ ಹಿಂಡು ಬೇಮಳಖೇಡಕ್ಕೆ ಮರಳಿತು. ನಾನು ಮಗಳನ್ನು ಕರೆದುಕೊಂಡು ತವರಿಗೆ ಹೋದೆ. ಚಹಾ ಕುಡಿಯುತ್ತ ಅಣ್ಣ, "ಮನಿ ವಾಸ್ತು ಯಾವಾಗ?" ಎಂದು ಕೇಳಿದ. ಅವನಿಗೆ ಯಾರೂ ಹೇಳಿರಲಿಲ್ಲ.

"ಬಿಟ್ಟೇವಿ ಅಣ್ಣಾ. ತೊಗೊಳ್ಳಲಿಲ್ಲ."

ಅವನು ಬಸಿಯನ್ನು ಕೆಳಗಿಟ್ಟ. "ಯಾಕ?"

"ನಿನ್ನ ಹೊರಗ ಹಾಕಿದ ಜಾಗಾದಾಗ ನಾ ಹ್ಯಾಂಗ ಇರ್ಲಿ?"

ಅವನಿಗೆ ಸಂತೋಷವಾದೀತು ಎಂದು ಎಲ್ಲೋ ಒಳಗೆ ಎಣಿಸಿದ್ದೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ಚಿಕ್ಕವಳಿದ್ದಾಗ ಹಿಂಡು ಬಿಟ್ಟು ಆಡಲು ಹೋದರೆ ಹೀಗೆಯೇ ನೋಡುತ್ತಿದ್ದ.

"ನೀ ಒಳಗ ಇರ್ತಿ ಅಂತ ನಾ ಧೈರ್ಯ ಮಾಡ್ಕೊಂಡಿದ್ದೆ," ಎಂದ. "ಎಲ್ಲಾ ಕುರಿ ಕಾಯೋರ ಮುಂದ ಹೇಳಿದ್ದೆ, ಚಿಂತಿ ಮಾಡಬ್ಯಾಡ್ರಿ, ನಮ್ಮ ತಂಗಿ ಅಲ್ಲೇ ಮನಿ ಹಿಡೀಲಾಕತ್ತ್ಯಾಳ, ಏನಾರ ಮಾಡಿ ದಾರಿ ಬಿಡಸ್ತಾಳ ಅಂತ. ಓದಿದಾಕಿ, ಮಾತ ಬಲ್ಲಾಕಿ. ಹೊರಗ ನಿಂತ ನಾ ಹೇಳಿದ್ರ ಯಾರ ಕೇಳ್ತಾರ?"

ನಾನು ತಲೆ ತಗ್ಗಿಸಿದೆ. ಒಂದು ಗೇಟು ಅವನಿಗೆ ಅವಮಾನ ಎಂದು ನಾನೇ ತೀರ್ಮಾನ ಮಾಡಿದ್ದೆ. ಅವನನ್ನು ಒಂದು ಮಾತು ಕೇಳಿರಲಿಲ್ಲ. ಮಹಡಿಯ ಮೇಲೆ ನಿಂತಾಗಲೂ ಕೇಳಲಿಲ್ಲ, ಮನೆ ಬಿಡುವಾಗಲೂ ಕೇಳಲಿಲ್ಲ. ಯಜಮಾನರ ಕಾಲುನೋವಿನ ಮಾತೂ ಆಗ ನನ್ನ ತಲೆಗೆ ಬಂದಿರಲಿಲ್ಲ.

ಹುಮನಾಬಾದಿಗೆ ಬಂದ ಮೇಲೆ, ಕೆರೆಗಿಳಿಯುವ ಹಳೆಯ ದಾರಿಯನ್ನು ಅಳೆದು ಗುರುತಿಸಿಕೊಡಬೇಕೆಂದು ಬಸವಕಲ್ಯಾಣದ ತಹಸೀಲ್ದಾರರಿಗೆ ಅರ್ಜಿ ಬರೆದೆ. ಅಣ್ಣ ಮತ್ತು ಅವನ ಜೊತೆಯವರು ಸಹಿ ಹಾಕಿದರು. ಯಜಮಾನರು ತಾವಾಗಿಯೇ ಅದನ್ನು ಒಯ್ದು ಕೊಟ್ಟು ಸ್ವೀಕೃತಿ ಪಡೆದು ಬಂದರು. ಅಲ್ಲಿಯವರು ನಕ್ಷೆ ತೆಗೆಸಿ ನೋಡುತ್ತೇವೆ ಎಂದಿದ್ದಾರೆ. ಎರಡು ಸಲ ಹೋಗಿ ಕೇಳಿ ಬಂದೆ. ಇನ್ನೂ ನೋಡುತ್ತಿದ್ದಾರೆ.

ಈ ಬ್ಯಾಸಿಗೆಯಲ್ಲಿ ಅಣ್ಣ ಬಸವಕಲ್ಯಾಣದ ಕಡೆ ಹೋಗಲೇ ಇಲ್ಲ. ಮನ್ನಾಏಖೇಳ್ಳಿಯ ಆಸುಪಾಸಿನ ಹೊಲಗಳಲ್ಲೇ ಹಿಂಡು ನಿಲ್ಲಿಸಿಕೊಂಡಿದ್ದಾನೆ. ಹೆದ್ದಾರಿ ದಾಟಿಸುವಾಗ ಎರಡು ಕುರಿ ಲಾರಿಗೆ ಸಿಕ್ಕು ಸತ್ತವೆಂದು ವೈನಿ ಹೇಳಿದಳು, ಅಣ್ಣ ಹೇಳಲಿಲ್ಲ. ಫೋನಿನಲ್ಲಿ ಕೇಳಿದರೆ, "ಇಲ್ಲೇ ಛಲೋ ಅದ ತಂಗಿ, ಮೇವ ಬರೋಬ್ಬರಿ ಅದ," ಎನ್ನುತ್ತಾನೆ. ಹೌದೇನು ಎಂದು ಕೇಳಿ ನಾನೂ ಮಗಳ ಕಾಲೇಜಿನ ಸುದ್ದಿಗೆ ಬರುತ್ತೇನೆ.