ಹುಬ್ಬು ಗಂಟಿಕ್ಕಿದ ನಾಯಿ

ಗೆಳೆಯರೇ, ನಾನು ಬಿಡಿಸಿದ ಕಾರ್ಟೂನ್ ನಾಯಿ ಇವತ್ತು ಪಾಸಾಗಲಿಲ್ಲ. ತಿಳಿಸಿದವರು ಮಗರಪಟ್ಟಾದ ನಮ್ಮ ಅನಿಮೇಷನ್ ಸ್ಟುಡಿಯೋದ ಮುಖ್ಯಸ್ಥೆ, ವಿಜಯಪುರದ ಸುಮಿತ್ರಾ ಮೇಡಂ. ದೃಶ್ಯ ಇಷ್ಟೇ: ನಾಯಿ ಬಾಗಿಲ ಬಳಿ ಸಾಕಿದವನಿಗಾಗಿ ಕಾಯುತ್ತಿದೆ.

"ಇದು ನಾಯಿ ಅಲ್ರೀ, ಮನಷ್ಯಾ. ಹುಬ್ಬು ಗಂಟ ಹಾಕ್ಕೊಂಡು ತಲಿ ತಗ್ಗಿಸಿ ಕೂತದ. ಖರೇ ನಾಯಿಗೆ ಮೊದಲ ಕಿವಿ ನಿಗರ್ತಾವ, ಬಂದೇ ಬರ್ತಾರಂತ ಅದಕ್ಕ ಭಾಳ ನಂಬಿಕಿ. ಇದಕ್ಕ ಯಾರೂ ಬರಂಗಿಲ್ಲಂತ ಗೊತ್ತದ. ಯಾರ ಮಾರಿ ನೋಡಿ ಬಿಡಿಸೀರಿ?"

"ನಂದೇ, ಮೇಡಂ."

ಮುಖಭಾವಕ್ಕೆ ಕನ್ನಡಿ ನೋಡಿಕೊಳ್ಳುವುದು ನಮ್ಮ ಕೆಲಸದ ರೂಢಿ. ಅವರು ನಾಯಿಯನ್ನು ಬಿಟ್ಟು ನನ್ನ ಮುಖ ನೋಡಿ, "ಒಮ್ಮೆ ಮನಿಗೆ ಊಟಕ್ಕ ಬರ್ರಿ" ಎಂದರು.

ನನ್ನ ಕಿವಿ ನಿಮಿರಿತು. ಯಾವಾಗ ಎಂದು ಅವರು ಹೇಳಲಿಲ್ಲ.

ತಿದ್ದಿದ ನಾಯಿಯನ್ನು ನಾಳೆ ಹನ್ನೊಂದಕ್ಕೆ ತೋರಿಸಬೇಕು.